ಕೈಗೆ ಗೊತ್ತಿರುವ ಜಾಗ

ಮನೆ ಕಟ್ಟಿಸುವ ಮೊದಲು ಪ್ಲ್ಯಾನ್ ಹಾಕಿಸಲು ಎಂಜಿನಿಯರ್ ಆಫೀಸಿಗೆ ಹೋದವರು ಇದನ್ನು ಕಂಡಿರುತ್ತೀರಿ. ಕಂಪ್ಯೂಟರ್ ಮುಂದೆ ಕುಳಿತ ಹುಡುಗಿ ನಿಮ್ಮ ಮಾತು ಕೇಳಿಸಿಕೊಳ್ಳುತ್ತಲೇ ಅಡುಗೆಮನೆಯ ಗೋಡೆಯನ್ನು ಒಂದಡಿ ಆಚೆ ಸರಿಸುತ್ತಾಳೆ, ದೇವರಮನೆಯ ಬಾಗಿಲನ್ನು ಪೂರ್ವಕ್ಕೆ ತಿರುಗಿಸುತ್ತಾಳೆ, ಮೆಟ್ಟಿಲ ಸಾಲಿಗೆ ಇನ್ನೆರಡು ಮೆಟ್ಟಿಲು ಸೇರಿಸುತ್ತಾಳೆ. ಬಲಗೈ ಮೌಸಿನ ಮೇಲೆ, ಎಡಗೈ ಕೀಬೋರ್ಡಿನ ಎಡಭಾಗದಲ್ಲಿ, ಕಣ್ಣು ನಕ್ಷೆಯ ಮೇಲೆ. ಪರದೆಯ ಅಂಚಿನಲ್ಲಿ ಸಾಲುಗಟ್ಟಿ ನಿಂತ ಪುಟ್ಟ ಪುಟ್ಟ ಚಿತ್ರಗಳ ಕಡೆ ಅವಳು ಹೆಚ್ಚುಕಡಿಮೆ ನೋಡುವುದೇ ಇಲ್ಲ.

ಅದೇ ತಂತ್ರಾಂಶವನ್ನು ಮೊದಲ ಸಲ ತೆರೆದ ಡಿಪ್ಲೊಮಾ ವಿದ್ಯಾರ್ಥಿಯ ಕಣ್ಣು ಇದಕ್ಕೆ ತದ್ವಿರುದ್ಧವಾಗಿ ಓಡಾಡುತ್ತದೆ. ಅವನಿಗೆ ಎರಡು ಗೆರೆ ಕೂಡುವುದು ಎಲ್ಲಿ, ಹೆಚ್ಚಾದ ತುಂಡು ಯಾವುದು, ಅದನ್ನು ಕತ್ತರಿಸಿದರೆ ಚಿತ್ರ ಹೇಗೆ ಕಾಣುತ್ತದೆ ಎಂಬುದೆಲ್ಲ ಗೊತ್ತು. ಪೆನ್ಸಿಲ್ ಕೊಟ್ಟರೆ ಅರೆಗಳಿಗೆಯಲ್ಲಿ ಮಾಡಿ ತೋರಿಸುತ್ತಾನೆ. ಆದರೂ ಕೈ ಎತ್ತಿ ಕೇಳುತ್ತಾನೆ: ‘ಟ್ರಿಮ್ ಎಲ್ಲಿದೆ ಸಾರ್?’ ಪಾಠ ಮಾಡಿದ ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ರೇಖಾಗಣಿತದ ಒಂದು ಪ್ರಶ್ನೆಗೆ ‘ಎಲ್ಲಿದೆ’ ಎಂಬ ಪ್ರಶ್ನೆಗಳು ಹತ್ತು.

ಈ ‘ಎಲ್ಲಿದೆ’ಯ ಹಿಂದೆ ದೊಡ್ಡ ವಿಜ್ಞಾನವೇ ಇದೆ. ಪರದೆಯ ಅಂಚಿನ ಆ ಪುಟ್ಟ ಚಿತ್ರಗಳ ಸಾಲು, ಅಂದರೆ ಟೂಲ್‌ಬಾರ್, ಬರೀ ಉಪಕರಣಗಳ ಪಟ್ಟಿ ಎಂದು ಸುಮ್ಮನೆ ದಾಟಿಬಿಡುತ್ತೇವೆ. ಆದರೆ ಅದು ನಮ್ಮ ಕಣ್ಣು, ಕೈ ಮತ್ತು ನೆನಪಿನ ಶಕ್ತಿಯನ್ನು ಅಳೆದು ನೋಡಿದವರ ಹಲವು ದಶಕಗಳ ದುಡಿಮೆಯ ಫಲ. ಆ ಅಳತೆ ಗೊತ್ತಿದ್ದರೆ ಟೂಲ್‌ಬಾರನ್ನು ಬಳಸುವ ರೀತಿಯೇ ಬದಲಾಗುತ್ತದೆ.

ಮೊದಲು ಹಳೆಯ ಡ್ರಾಯಿಂಗ್ ಬೋರ್ಡಿನ ಹತ್ತಿರ ಹೋಗೋಣ. ಎಡಮೂಲೆಯಲ್ಲಿ ಸ್ಕ್ರೂ ಬಿಗಿದು ನಿಲ್ಲಿಸಿದ ಮಿನಿ ಡ್ರಾಫ್ಟರ್, ಬಲಗಡೆ ಎಚ್ ಮತ್ತು ಎಚ್‌ಬಿ ಪೆನ್ಸಿಲ್, ಮೇಲ್ಗಡೆ ಕೈವಾರದ ಪೆಟ್ಟಿಗೆ, ಪಕ್ಕದಲ್ಲಿ ಸೆಟ್‌ಸ್ಕ್ವೇರು, ಫ್ರೆಂಚ್ ಕರ್ವು, ರಬ್ಬರು. ನುರಿತ ಡ್ರಾಫ್ಟ್ಸ್‌ಮನ್ ಕೈ ಚಾಚಿದರೆ ಬೇಕಾದದ್ದೇ ಸಿಗುತ್ತಿತ್ತು. ಬೇರೆಯವರು ಬಂದು ಅವನ ರಬ್ಬರನ್ನು ಆ ಕಡೆಯಿಂದ ಈ ಕಡೆ ಇಟ್ಟರೆ ಸಿಟ್ಟು ಬರುತ್ತಿತ್ತು. ಅಡುಗೆಮನೆಯ ಒಗ್ಗರಣೆ ಡಬ್ಬಿಯದೂ ಇದೇ ಕಥೆ. ಎಣ್ಣೆ ಕಾದಾಗ ಅಮ್ಮನ ಕೈ ಸಾಸಿವೆಯ ಬಟ್ಟಲಿಗೆ ತಾನಾಗಿ ಹೋಗುತ್ತದೆ, ಕಣ್ಣು ಬಾಣಲೆಯ ಮೇಲಿರುತ್ತದೆ. ಡಬ್ಬಿ ತೊಳೆದವರು ಬಟ್ಟಲುಗಳ ಜಾಗ ಅದಲುಬದಲು ಮಾಡಿದ ದಿನ ಸಾಸಿವೆಯ ಬದಲು ಮೆಂತ್ಯ ಬೀಳುತ್ತದೆ.

ಡ್ರಾಯಿಂಗ್ ಬೋರ್ಡಿಗೂ ಒಗ್ಗರಣೆ ಡಬ್ಬಿಗೂ ಇರುವ ಈ ಗುಣ ಕಂಪ್ಯೂಟರಿಗೆ ಹುಟ್ಟಿನಿಂದ ಬಂದದ್ದಲ್ಲ. ಅದನ್ನು ಕಷ್ಟಪಟ್ಟು ತಂದುಕೊಳ್ಳಬೇಕಾಯಿತು.

ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕೆಲಸದ ಮೂಲಕ್ಕೆ ಹೋದರೆ ಸಿಗುವುದು 1963ರ ಒಂದು ಪಿಎಚ್‌ಡಿ ಪ್ರಬಂಧ. ಬರೆದವರು ಅಮೆರಿಕದ ಎಂಐಟಿಯ ಇವಾನ್ ಸದರ್ಲೆಂಡ್, ಮಾರ್ಗದರ್ಶಕರು ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶಾನನ್. ತಂತ್ರಾಂಶದ ಹೆಸರು ಸ್ಕೆಚ್‌ಪ್ಯಾಡ್. ಎಂಐಟಿಗೆ ಸೇರಿದ ಲಿಂಕನ್ ಪ್ರಯೋಗಾಲಯದಲ್ಲಿದ್ದ ಟಿಎಕ್ಸ್-2 ಎಂಬ ದೈತ್ಯ ಯಂತ್ರದಲ್ಲಿ ಅದು ಓಡುತ್ತಿತ್ತು. ಚಿತ್ರ ಮೂಡುವ ಜಾಗ 7 ಇಂಚು ಉದ್ದ, 7 ಇಂಚು ಅಗಲ, ಅಷ್ಟರಲ್ಲಿ ಅಡ್ಡಕ್ಕೆ 1024, ಉದ್ದಕ್ಕೆ 1024 ಬಿಂದುಗಳ ನೆಲೆ. ಪರದೆಯ ಮೇಲಿನ ಬೆಳಕನ್ನು ಗ್ರಹಿಸುವ ಲೈಟ್ ಪೆನ್ನನ್ನು ಹಿಡಿದು ಸದರ್ಲೆಂಡ್ ನೇರವಾಗಿ ಗಾಜಿನ ಮೇಲೆಯೇ ಬರೆಯುತ್ತಿದ್ದರು. ಪೆನ್ನು ಗೆರೆಯೊಂದರ ಹತ್ತಿರ ಬಂದರೆ ಸಾಕು, ತಂತ್ರಾಂಶ ಬಿಂದುವನ್ನು ಸರಿಯಾಗಿ ಆ ಗೆರೆಯ ಮೇಲೇ ಕೂರಿಸುತ್ತಿತ್ತು. ಇವತ್ತು ನಾವು ಎಫ್3 ಒತ್ತಿ ಹಚ್ಚಿಕೊಳ್ಳುವ ‘ಆಬ್ಜೆಕ್ಟ್ ಸ್ನ್ಯಾಪ್’ನ ಮುತ್ತಜ್ಜ ಅದು.

ನನ್ನ ಗಮನವಿರುವುದು ಅವರ ಇನ್ನೊಂದು ಕೈಯ ಮೇಲೆ. ಅದರ ಹತ್ತಿರ ಗುಂಡಿಗಳ ಒಂದು ಪೆಟ್ಟಿಗೆ ಇತ್ತು. ಗೆರೆ ಎಳೆ, ವೃತ್ತದ ಕೇಂದ್ರ ಇಡು, ಸರಿಸು, ಅಳಿಸು ಎಂಬಂಥ ಆಜ್ಞೆಗಳಿಗೆ ಒಂದೊಂದು ಗುಂಡಿ. ಒಂದು ಕೈ ಗುಂಡಿ ಒತ್ತಿ ಏನು ಮಾಡಬೇಕು ಎಂದು ಹೇಳುತ್ತಿತ್ತು, ಇನ್ನೊಂದು ಕೈ ಪೆನ್ನು ತೋರಿಸಿ ಎಲ್ಲಿ ಮಾಡಬೇಕು ಎಂದು ಹೇಳುತ್ತಿತ್ತು. ನಕ್ಷೆಯ ಯಾವ ಕೆಲಸವನ್ನು ತೆಗೆದುಕೊಂಡರೂ ಅದರಲ್ಲಿ ಈ ಎರಡು ಪಾಲು ಇದ್ದೇ ಇರುತ್ತದೆ, ‘ಏನು’ ಮತ್ತು ‘ಎಲ್ಲಿ’. ಸ್ಕೆಚ್‌ಪ್ಯಾಡಿನಲ್ಲಿ ಆ ಪಾಲುಗಳು ಎರಡು ಕೈಗಳಿಗೆ ಹಂಚಿಹೋಗಿದ್ದವು. ಪರದೆ ಪೂರ್ತಿ ಚಿತ್ರಕ್ಕೆ ಮೀಸಲಾಗಿತ್ತು. ಟೂಲ್‌ಬಾರ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅಂಥ ಯಂತ್ರ ಮನೆಮನೆಗೆ, ಆಫೀಸಿಗೆ ಬರುವಂಥದ್ದಲ್ಲ. 1982ರಲ್ಲಿ ಆಟೋಡೆಸ್ಕ್ ಕಂಪನಿ ಸಾಧಾರಣ ಪರ್ಸನಲ್ ಕಂಪ್ಯೂಟರಿನಲ್ಲಿ ಓಡುವ ಆಟೋಕ್ಯಾಡನ್ನು ತಂದಾಗ ‘ಏನು’ ಎಂಬ ಭಾಗ ಅಕ್ಷರಕ್ಕೆ ಇಳಿಯಿತು. ‘ಲೈನ್’ ಎಂದು ಟೈಪ್ ಮಾಡಬೇಕು, ಯಂತ್ರ ‘ಎಲ್ಲಿಂದ?’ ಎಂದು ಕೇಳುತ್ತದೆ, ಬಿಂದು ತೋರಿಸಬೇಕು. ಪರದೆಯ ಬಲ ಅಂಚಿನಲ್ಲಿ ಪದಗಳ ಒಂದು ಕಂಬ ಇತ್ತು. ಒಂದು ಪದ ಆರಿಸಿದರೆ ಅದರ ಒಳಗಿನ ಪದಗಳು ಬರುತ್ತಿದ್ದವು, ಮತ್ತೆ ಅದರೊಳಗೆ ಇನ್ನಷ್ಟು. ಎಷ್ಟೋ ಸಲ ಒಳಗೆ ಹೋದವರಿಗೆ ಹೊರಗೆ ಬರುವ ದಾರಿ ತಿಳಿಯುತ್ತಿರಲಿಲ್ಲ.

ಆ ಕಾಲದ ಇನ್ನೊಂದು ಸಾಧನವನ್ನು ಇಂದಿನ ಹುಡುಗರು ನೋಡಿಯೇ ಇಲ್ಲ. ಅದು ಡಿಜಿಟೈಸರ್ ಟ್ಯಾಬ್ಲೆಟ್. ಮೇಜಿನ ಮೇಲೆ ಸುಮಾರು ಒಂದಡಿ ಚದರದ ಹಲಗೆ, ಅದರ ಮೇಲೆ ಹಾಸಿದ ಒಂದು ಅಚ್ಚಾದ ಹಾಳೆ. ಹಾಳೆಯ ನಡುವೆ ಪರದೆಗೆ ಹೊಂದಿಸಿದ ಖಾಲಿ ಜಾಗ, ಸುತ್ತಲೂ ಚೌಕ ಚೌಕವಾಗಿ ಆಜ್ಞೆಗಳ ಚಿತ್ರ. ಕೈಯಲ್ಲಿ ಹಿಡಿದ ಗುರಿಸೂಚಕವನ್ನು ಚೌಕದ ಮೇಲಿಟ್ಟು ಒತ್ತಿದರೆ ಆಜ್ಞೆ ಜಾರಿ. ಟೂಲ್‌ಬಾರ್ ಮೊದಲು ಕಾಗದದ ಮೇಲೆ ಬಂತು, ಆಮೇಲೆ ಗಾಜಿನ ಮೇಲೆ ಎಂದರೆ ತಪ್ಪಾಗದು. ಅದರ ದೊಡ್ಡ ಗುಣ, ಚೌಕಗಳು ಎಂದೂ ಕದಲುತ್ತಿರಲಿಲ್ಲ. ಆರು ತಿಂಗಳು ಕೆಲಸ ಮಾಡಿದವನ ಕೈಗೆ ಪ್ರತಿ ಚೌಕದ ದೂರ ಬಾಯಿಪಾಠವಾಗಿರುತ್ತಿತ್ತು. ದೋಷವೂ ಇತ್ತು. ಹೊಸಬ ಪ್ರತಿ ಆಜ್ಞೆಗೂ ಪರದೆಯಿಂದ ಕಣ್ಣು ತೆಗೆದು ಮೇಜು ನೋಡಬೇಕಿತ್ತು.

ಇದೇ ಹೊತ್ತಿನಲ್ಲಿ ಬೇರೊಂದು ದಾರಿ ತೆರೆದುಕೊಳ್ಳುತ್ತಿತ್ತು. ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ 1973ರಲ್ಲಿ ತಯಾರಾದ ಆಲ್ಟೋ ಕಂಪ್ಯೂಟರಿಗೆ ಮೌಸ್ ಇತ್ತು, ಚಿತ್ರ ತೋರಿಸುವ ಪರದೆ ಇತ್ತು. ಅಲ್ಲಿ ಬೆಳೆದ ವಿಚಾರಗಳು 1984ರಲ್ಲಿ ಆಪಲ್ ಮ್ಯಾಕಿಂಟಾಷ್ ಜೊತೆ ಜನರ ಕೈಗೆ ಬಂದವು. ಅದರಲ್ಲಿದ್ದ ಮ್ಯಾಕ್‌ಪೇಂಟ್ ತಂತ್ರಾಂಶವನ್ನು ಬರೆದವರು ಬಿಲ್ ಆಟ್ಕಿನ್‌ಸನ್. ಪರದೆಯ ಎಡಕ್ಕೆ ಎರಡು ಸಾಲಿನಲ್ಲಿ ಪೆನ್ಸಿಲ್, ಬ್ರಷ್, ಬಣ್ಣದ ಡಬ್ಬಿ, ರಬ್ಬರು, ಗೆರೆ, ಚೌಕ. ಇಂದಿಗೂ ಚಿತ್ರ ಬರೆಯುವ ತಂತ್ರಾಂಶಗಳಲ್ಲಿ ಉಪಕರಣಗಳು ಎಡಕ್ಕೇ ಇರುವುದನ್ನು ನೋಡಿದರೆ ಆ ಒಂದು ತೀರ್ಮಾನದ ಆಯುಸ್ಸು ಎಷ್ಟು ಎಂದು ಆಶ್ಚರ್ಯವಾಗುತ್ತದೆ. ಮ್ಯಾಕಿಂಟಾಷಿನ ಐಕಾನ್‌ಗಳನ್ನು ರೂಪಿಸಿದ ಸೂಸನ್ ಕೇರ್ ಗ್ರಾಫ್ ಹಾಳೆಯ ಮೇಲೆ ಅಡ್ಡ 32, ಉದ್ದ 32 ಚೌಕಗಳನ್ನು ಒಂದೊಂದಾಗಿ ತುಂಬಿ ಚಿತ್ರ ಮಾಡುತ್ತಿದ್ದರು. ನಮ್ಮ ಹೆಣ್ಣುಮಕ್ಕಳು ಕ್ರಾಸ್‌ಸ್ಟಿಚ್ ಕಸೂತಿಗೆ ಎಳೆ ಎಣಿಸುವ ಹಾಗೆ.

ಆಟೋಕ್ಯಾಡಿಗೆ ಇಳಿಪಟ್ಟಿಗಳೂ ಐಕಾನ್ ಪಟ್ಟಿಗಳೂ 1987ರ ಒಂಬತ್ತನೇ ಆವೃತ್ತಿಯಲ್ಲಿ ಬಂದವು. 1990ರ ದಶಕದಲ್ಲಿ ವಿಂಡೋಸ್ ಆವೃತ್ತಿಗಳೊಂದಿಗೆ ನಾವು ಈಗ ಟೂಲ್‌ಬಾರ್ ಎಂದು ಕರೆಯುವುದು ಬೇರೂರಿತು. ಅಂಚಿನಲ್ಲಿ ‘ಡ್ರಾ’ ಮತ್ತು ‘ಮಾಡಿಫೈ’, ಮೇಲೆ ಲೇಯರ್. 1997ರಲ್ಲಿ ಬಂದ ಹದಿನಾಲ್ಕನೇ ಆವೃತ್ತಿಯಲ್ಲಿ ಕಲಿತ ತಲೆಮಾರಿಗೆ ಆ ಜೋಡಣೆ ಇಂದಿಗೂ ಮನೆಯಂಗಳವಿದ್ದಂತೆ. ನಾನೂ ಅದೇ ತಲೆಮಾರಿನವನು.

ಟೂಲ್‌ಬಾರ್ ಬಂದಾಗ ಸದ್ದಿಲ್ಲದೆ ಒಂದು ಬದಲಾವಣೆ ಆಯಿತು. ‘ಏನು’ ಮತ್ತು ‘ಎಲ್ಲಿ’ ಎರಡೂ ಒಂದೇ ಕೈಗೆ, ಒಂದೇ ಬಾಣದ ಗುರುತಿಗೆ ಬಿದ್ದವು. ಮೌಸ್ ಹಿಡಿದ ಕೈ ಮೊದಲು ಅಂಚಿಗೆ ಓಡಬೇಕು, ಐಕಾನ್ ಒತ್ತಬೇಕು, ಮತ್ತೆ ನಕ್ಷೆಗೆ ಮರಳಬೇಕು. ಎಡಗೈಗೆ ಕೆಲಸವೇ ಇಲ್ಲ. ಹೊಸಬನಿಗೆ ಇದರಿಂದ ಆದ ಉಪಕಾರ ಅಪಾರ: ಆಜ್ಞೆಯ ಹೆಸರು ನೆನಪಿಡಬೇಕಾಗಿಲ್ಲ, ಕಂಡರೆ ಗುರುತು ಹಿಡಿದರೆ ಸಾಕು. ನೆನಪಿನಿಂದ ಎತ್ತಿ ಹೇಳುವುದಕ್ಕಿಂತ ಕಂಡು ಗುರುತಿಸುವುದು ಮನುಷ್ಯನಿಗೆ ಸುಲಭ. ಹಳೆಯ ಸಹಪಾಠಿಯ ಹೆಸರು ನಾಲಗೆಗೆ ಬರದಿದ್ದರೂ ಮುಖ ಕಂಡ ಕೂಡಲೇ ಗೊತ್ತಾಗುತ್ತದಲ್ಲ, ಹಾಗೆ. ಈ ಉಪಕಾರಕ್ಕೆ ತೆರುವ ಬೆಲೆ ಕೈಯ ಓಡಾಟ.

ಆ ಬೆಲೆ ಎಷ್ಟು ಎಂದು ಲೆಕ್ಕ ಹಾಕಬಹುದು. ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಎರಡು ಲೋಹದ ಪಟ್ಟಿಗಳು, ಕೈಯಲ್ಲಿ ಒಂದು ಕಡ್ಡಿ. ಕಡ್ಡಿಯಿಂದ ಆ ಪಟ್ಟಿ, ಈ ಪಟ್ಟಿ ಎಂದು ಸರದಿಯಂತೆ ಆದಷ್ಟು ಬೇಗ ಮುಟ್ಟುತ್ತಾ ಹೋಗಬೇಕು. ಪಟ್ಟಿಗಳ ನಡುವಿನ ದೂರವನ್ನೂ ಪಟ್ಟಿಯ ಅಗಲವನ್ನೂ ಬದಲಿಸುತ್ತಾ ಫಿಟ್ಸ್ ಕಾಲ ಅಳೆದರು. ಗುರಿ ದೂರವಾದಷ್ಟೂ, ಸಣ್ಣದಾದಷ್ಟೂ ಹೆಚ್ಚು ಹೊತ್ತು ಬೇಕು ಎಂಬುದು ಯಾರಿಗಾದರೂ ತೋಚುವ ಮಾತು. ಫಿಟ್ಸ್ ಕಂಡದ್ದು ಅದರ ಸೂತ್ರ. ದೂರದ ಎರಡರಷ್ಟನ್ನು ಅಗಲದಿಂದ ಭಾಗಿಸಿ. ಬಂದ ಉತ್ತರ ಎರಡರ ಎಷ್ಟನೇ ಘಾತವೋ ಅದೇ ಆ ಚಲನೆಯ ಕಷ್ಟದ ಅಳತೆ. ಅದನ್ನು ಅವರು ಬಿಟ್‌ಗಳಲ್ಲಿ ಹೇಳಿದರು. ಬಿಟ್ ಒಂದು ಹೆಚ್ಚಿದರೆ ಕಾಲವೂ ಒಂದು ನಿಗದಿತ ಪ್ರಮಾಣದಲ್ಲಿ ಹೆಚ್ಚುತ್ತದೆ.

ಟೂಲ್‌ಬಾರಿಗೆ ಇದನ್ನು ಅನ್ವಯಿಸೋಣ. ನಕ್ಷೆಯ ನಡುವಿನಿಂದ ಐಕಾನ್‌ವರೆಗೆ 512 ಪಿಕ್ಸೆಲ್ ದೂರ, ಐಕಾನ್ ಅಗಲ 16 ಪಿಕ್ಸೆಲ್ ಎಂದಿಟ್ಟುಕೊಳ್ಳಿ. 1024ನ್ನು 16ರಿಂದ ಭಾಗಿಸಿದರೆ 64, ಅಂದರೆ ಎರಡರ ಆರನೇ ಘಾತ. ಕಷ್ಟ 6 ಬಿಟ್. ಐಕಾನನ್ನು ದೊಡ್ಡದು ಮಾಡಿ 32 ಪಿಕ್ಸೆಲ್ ಇಟ್ಟರೆ 5 ಬಿಟ್. ದೊಡ್ಡದು ಮಾಡದೆ ದೂರವನ್ನೇ ಅರ್ಧಕ್ಕೆ ಇಳಿಸಿದರೂ 5 ಬಿಟ್. ಹತ್ತಿರ ತರುವುದಕ್ಕೂ ದೊಡ್ಡದು ಮಾಡುವುದಕ್ಕೂ ಸಮಾನ ಲಾಭ. 1978ರಲ್ಲಿ ಝೆರಾಕ್ಸ್ ಪಾರ್ಕಿನ ಕಾರ್ಡ್, ಇಂಗ್ಲಿಷ್ ಮತ್ತು ಬರ್ ಎಂಬ ಮೂವರು ಮೌಸನ್ನು ಪರೀಕ್ಷಿಸಿದಾಗ ಪ್ರತಿ ಬಿಟ್ಟಿಗೆ ಸುಮಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕೆಂದು ಕಂಡುಕೊಂಡರು. ಇವರಲ್ಲಿ ಬಿಲ್ ಇಂಗ್ಲಿಷ್ ಅವರು ಡಗ್ಲಸ್ ಎಂಗೆಲ್ಬಾರ್ಟ್ ಕಲ್ಪಿಸಿದ ಮೊದಲ ಮೌಸನ್ನು ಮರದಲ್ಲಿ ಮಾಡಿಕೊಟ್ಟವರು.

ಫಿಟ್ಸ್ ಸೂತ್ರದಿಂದ ಹೊರಡುವ ಒಂದು ಸ್ವಾರಸ್ಯವಿದೆ. ಪರದೆಯ ಕಟ್ಟಕಡೆಯ ಅಂಚಿಗೆ ತಾಗಿರುವ ಗುಂಡಿಗೆ ಗುರಿ ತಪ್ಪುವ ಭಯವಿಲ್ಲ. ಮೌಸನ್ನು ಎಷ್ಟು ಜೋರಾಗಿ ತಳ್ಳಿದರೂ ಬಾಣ ಅಂಚಿನಲ್ಲಿ ನಿಂತುಬಿಡುತ್ತದೆ. ಆ ದಿಕ್ಕಿನಲ್ಲಿ ಗುಂಡಿಯ ಅಗಲ ಕೊನೆಯೇ ಇಲ್ಲದಷ್ಟು ಎಂದಾಯಿತು. ಆದ್ದರಿಂದ ಟೂಲ್‌ಬಾರನ್ನು ಪರದೆಯ ನಡುವೆ ತೇಲಲು ಬಿಡುವುದಕ್ಕಿಂತ ಅಂಚಿಗೆ ಅಂಟಿಸುವುದು ಒಳ್ಳೆಯದು. ಎರಡು ಮಾನಿಟರ್ ಇಟ್ಟುಕೊಂಡವರು ಮಾತ್ರ ಎಚ್ಚರದಿಂದಿರಬೇಕು. ಅವುಗಳ ನಡುವಿನ ಅಂಚು ಗೋಡೆಯಲ್ಲ, ಬಾಗಿಲು. ಬಾಣ ನಿಲ್ಲದೆ ಪಕ್ಕದ ಪರದೆಗೆ ನುಗ್ಗುತ್ತದೆ.

ಇನ್ನು ಕೀಬೋರ್ಡಿನ ಜೊತೆ ಹೋಲಿಕೆ. ಕಾರ್ಡ್, ಮೊರಾನ್ ಮತ್ತು ನ್ಯೂವೆಲ್ 1980ರಲ್ಲಿ ಕಂಪ್ಯೂಟರ್ ಕೆಲಸವನ್ನು ಸಣ್ಣ ಸಣ್ಣ ಚಲನೆಗಳಾಗಿ ಒಡೆದು ಒಂದೊಂದಕ್ಕೂ ಸರಾಸರಿ ಕಾಲ ಕೊಟ್ಟರು. ಮೌಸಿನಿಂದ ಒಂದು ಕಡೆ ಗುರಿಯಿಡಲು 1.1 ಸೆಕೆಂಡ್, ಸಾಧಾರಣ ಟೈಪಿಸ್ಟ್ ಒಂದು ಕೀಲಿ ಒತ್ತಲು 0.28 ಸೆಕೆಂಡ್. ಐಕಾನ್ ಒತ್ತಿ ಗೆರೆ ಎಳೆಯುವ ಆಜ್ಞೆ ಕೊಡಲು ಗುರಿಯ ಕಾಲ, ಕ್ಲಿಕ್ಕಿನ ಕಾಲ ಸೇರಿ ಸುಮಾರು 1.3 ಸೆಕೆಂಡ್. ಆಟೋಕ್ಯಾಡಿನಲ್ಲಿ ‘ಎಲ್’ ಒತ್ತಿ ಸ್ಪೇಸ್‌ಬಾರ್ ಒತ್ತಿದರೆ ಅದೇ ಆಜ್ಞೆ. ಎರಡು ಕೀಲಿಗೆ ಸುಮಾರು 0.56 ಸೆಕೆಂಡ್. ಉಳಿದದ್ದು ಮುಕ್ಕಾಲು ಸೆಕೆಂಡು. ದಿನಕ್ಕೆ ಸಾವಿರ ಆಜ್ಞೆ ಕೊಡುವವರಿಗೆ ಹನ್ನೆರಡು ನಿಮಿಷ ಚಿಲ್ಲರೆ.

ಹನ್ನೆರಡು ನಿಮಿಷಕ್ಕೆ ಇಷ್ಟೆಲ್ಲ ರಾದ್ಧಾಂತವೇ ಎಂದು ಕೇಳಬಹುದು. ಕೇಳಬೇಕಾದದ್ದೇ. ನನ್ನ ಅನುಭವದಲ್ಲಿ ಕೈ ಕಳೆಯುವ ಕಾಲ ದೊಡ್ಡ ನಷ್ಟವಲ್ಲ. ಕಣ್ಣು ನಕ್ಷೆಯನ್ನು ಬಿಟ್ಟು ಅಂಚಿಗೆ ಹೋಗಿ ಬರುವಷ್ಟರಲ್ಲಿ ಯಾವ ಮೂಲೆಯಿಂದ ಗೆರೆ ಹೊರಡಬೇಕಿತ್ತು ಎಂಬುದು ಮರೆತಿರುತ್ತದೆ. ಮತ್ತೆ ಹುಡುಕಬೇಕು, ಮತ್ತೆ ಜೂಮ್ ಮಾಡಬೇಕು. ಸಂಗೀತ ಕಲಿಯುವ ಹುಡುಗಿ ಪ್ರತಿ ಸ್ವರಕ್ಕೂ ಹಾರ್ಮೋನಿಯಂ ಮನೆಗಳನ್ನು ಬಗ್ಗಿ ನೋಡಿದರೆ ರಾಗ ತುಂಡಾಗುವಂತೆ ಇಲ್ಲಿ ಯೋಚನೆ ತುಂಡಾಗುತ್ತದೆ.

ಅದಕ್ಕೇ ಎಂಜಿನಿಯರ್ ಆಫೀಸಿನ ಆ ಹುಡುಗಿಯ ಎಡಗೈ ಕೀಬೋರ್ಡಿನ ಮೇಲಿದ್ದದ್ದು. ಗೆರೆಗೆ ‘ಎಲ್’, ಸಮಾನಾಂತರ ಗೆರೆಗೆ ‘ಒ’, ಕತ್ತರಿಸಲು ‘ಟಿ-ಆರ್’, ಸರಿಸಲು ‘ಎಂ’, ನಕಲಿಗೆ ‘ಸಿ-ಒ’. ಒಮ್ಮೆ ಮಾಡಿದ್ದನ್ನೇ ಮತ್ತೆ ಮಾಡಬೇಕಿದ್ದರೆ ಬರೀ ಸ್ಪೇಸ್‌ಬಾರ್. ಎಡಗೈ ‘ಏನು’ ಎನ್ನುತ್ತದೆ, ಬಲಗೈ ‘ಎಲ್ಲಿ’ ಎನ್ನುತ್ತದೆ. ಗೊತ್ತಿಲ್ಲದೆಯೇ ಅವಳು 1963ರ ಸದರ್ಲೆಂಡ್ ಕುಳಿತ ಭಂಗಿಗೆ ಬಂದು ತಲುಪಿದ್ದಾಳೆ. ಎರಡು ಕೈ ಹೀಗೆ ಕೆಲಸ ಹಂಚಿಕೊಳ್ಳುವುದು ಮನುಷ್ಯನ ಸಹಜ ಸ್ವಭಾವ ಎಂದು ಫ್ರಾನ್ಸಿನ ಈವ್ ಗಿಯಾರ್ 1987ರಲ್ಲಿ ವಿವರಿಸಿದರು: ಒಂದು ಕೈ ನೆಲೆ ಹಾಕಿಕೊಡುತ್ತದೆ, ಇನ್ನೊಂದು ಅದರ ಮೇಲೆ ಸೂಕ್ಷ್ಮ ಕೆಲಸ ಮಾಡುತ್ತದೆ. ಎಡಗೈ ತೆಂಗಿನಕಾಯಿ ಹಿಡಿಯುತ್ತದೆ, ಬಲಗೈ ಒಡೆಯುತ್ತದೆ.

ಹಾಗಾದರೆ ಟೂಲ್‌ಬಾರ್ ಬೇಡವೇ? ಬೇಕು. ಸೈಕಲ್ ಕಲಿಯುವಾಗ ಹಿಂದೆ ಹಿಡಿದುಕೊಂಡು ಓಡುವ ಅಣ್ಣನ ಕೆಲಸ ಅದರದ್ದು. ಆದರೆ ಆ ಕೆಲಸವನ್ನು ಅದು ಚೆನ್ನಾಗಿ ಮಾಡಬೇಕಾದರೆ ಎರಡು ಷರತ್ತುಗಳಿವೆ. ಚಿತ್ರ ಸ್ಪಷ್ಟವಾಗಿರಬೇಕು, ಜಾಗ ಬದಲಾಗಬಾರದು.

ಚಿತ್ರದ ವಿಷಯದಲ್ಲಿ ನಕ್ಷೆಯ ತಂತ್ರಾಂಶಗಳು ಅದೃಷ್ಟಶಾಲಿಗಳು. ‘ಗೆರೆ’ಯ ಐಕಾನ್ ಗೆರೆಯೇ, ‘ವೃತ್ತ’ದ ಐಕಾನ್ ವೃತ್ತವೇ. ತೊಡಕು ಶುರುವಾಗುವುದು ಕ್ರಿಯೆಗಳಲ್ಲಿ. ‘ಕತ್ತರಿಸು’, ‘ಬೆಳೆಸು’ ಎಂಬುದನ್ನು ಅಡ್ಡ 16, ಉದ್ದ 16, ಒಟ್ಟು 256 ಚುಕ್ಕಿಗಳಲ್ಲಿ ತೋರಿಸುವುದು ಹೇಗೆ? ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎರಡನ್ನೂ ಅಷ್ಟರಲ್ಲೇ ತುಂಬಬೇಕು. ಹಾಗಾಗಿ ಟ್ರಿಮ್ಮಿಗೂ ಎಕ್ಸ್‌ಟೆಂಡಿಗೂ ಐಕಾನ್ ಅಕ್ಕತಂಗಿಯರಂತೆ ಕಾಣುತ್ತದೆ. ಮೂಲೆಯನ್ನು ದುಂಡಗೆ ಮಾಡುವ ಫಿಲೆಟ್, ಓರೆಯಾಗಿ ಕೊಯ್ಯುವ ಚಾಂಫರ್, ಇವೆರಡೂ ಹಾಗೆಯೇ. ಒಂದೇ ರೂಪದ ಎರಡು ಗುಂಡಿ ಪಕ್ಕಪಕ್ಕ ಇದ್ದರೆ ಏನಾಗುತ್ತದೆ ಎಂಬುದನ್ನು ಎರಡನೇ ಮಹಾಯುದ್ಧದ ಕಾಲದಲ್ಲೇ ಅಮೆರಿಕದ ಬಿ-17 ವಿಮಾನದ ಪೈಲಟ್‌ಗಳು ಅನುಭವಿಸಿದ್ದರು. ನೆಲಕ್ಕೆ ಇಳಿದ ಮೇಲೆ ರೆಕ್ಕೆಯ ಫ್ಲ್ಯಾಪ್ ಮಡಚಲು ಹೋಗಿ ಚಕ್ರವನ್ನೇ ಮಡಚಿಬಿಡುತ್ತಿದ್ದರು. ಆಲ್ಫೋನ್ಸ್ ಚಪಾನಿಸ್ ಎಂಬ ಮನೋವಿಜ್ಞಾನಿ ಒಂದರ ಹಿಡಿಗೆ ಚಕ್ರದ ಆಕಾರ, ಇನ್ನೊಂದಕ್ಕೆ ಬೆಣೆಯ ಆಕಾರ ಕೊಡುವ ಪರಿಹಾರ ಸೂಚಿಸಿದರು. ಟೂಲ್‌ಬಾರಿನಲ್ಲಿ ನಾವು ಮಾಡಬಹುದಾದ ಪರಿಹಾರ ಇನ್ನೂ ಸುಲಭ: ಹೋಲುವ ಎರಡು ಐಕಾನ್‌ಗಳನ್ನು ದೂರ ದೂರ ಇಡುವುದು.

ಜಾಗ ಬದಲಾಗಬಾರದು ಎಂಬ ಎರಡನೇ ಷರತ್ತನ್ನು ದೊಡ್ಡ ದೊಡ್ಡ ಕಂಪನಿಗಳೇ ಮುರಿದಿವೆ. ಮೈಕ್ರೋಸಾಫ್ಟ್ ತನ್ನ ಆಫೀಸ್ 2000ರಲ್ಲಿ, ಹೆಚ್ಚು ಬಳಸಿದ್ದನ್ನು ಮುಂದೆ ತೋರಿಸಿ ಬಳಸದ್ದನ್ನು ಮುಚ್ಚಿಡುವ ಪಟ್ಟಿಗಳನ್ನು ತಂದಿತು. ಆಲೋಚನೆ ಒಳ್ಳೆಯದಾಗಿಯೇ ಕಾಣುತ್ತದೆ. ಆದರೆ ನಿನ್ನೆ ಮೂರನೇ ಸಾಲಿನಲ್ಲಿದ್ದದ್ದು ಇಂದು ಐದನೇ ಸಾಲಿನಲ್ಲಿದ್ದರೆ ಕೈ ಏನನ್ನು ಕಲಿಯಬೇಕು? ಒಗ್ಗರಣೆ ಡಬ್ಬಿಯ ಬಟ್ಟಲುಗಳು ದಿನಾ ತಾವೇ ಜಾಗ ಬದಲಿಸಿದಂತೆ. 2007ರಲ್ಲಿ ಪರದೆಯ ಮೇಲ್ಭಾಗಕ್ಕೆ ‘ರಿಬ್ಬನ್’ ಎಂಬ ಅಗಲವಾದ ಐಕಾನ್ ಪಟ್ಟಿ ತಂದಾಗ ಕಂಪನಿ ಆ ಪದ್ಧತಿಯನ್ನು ಕೈಬಿಟ್ಟಿತು. ಆಟೋಕ್ಯಾಡಿಗೂ 2009ರ ಆವೃತ್ತಿಯಲ್ಲಿ ರಿಬ್ಬನ್ ಬಂತು, 2015ರ ಆವೃತ್ತಿಯಿಂದ ಹಳೆಯ ‘ಕ್ಲಾಸಿಕ್’ ಜೋಡಣೆ ಸಿದ್ಧರೂಪದಲ್ಲಿ ಸಿಗದಾಯಿತು.

ರಿಬ್ಬನ್ ಬಗ್ಗೆ ನನಗೆ ಹಗೆಯಿಲ್ಲ. ಅದರಲ್ಲಿ ಐಕಾನ್ ದೊಡ್ಡದು, ಪಕ್ಕದಲ್ಲೇ ಹೆಸರಿದೆ. ಹೊಸಬರಿಗೆ ಖಂಡಿತ ಒಳ್ಳೆಯದು. ಆದರೆ ಇಂದಿನ ಮಾನಿಟರುಗಳು ಅಗಲ ಹೆಚ್ಚು, ಎತ್ತರ ಕಡಿಮೆ. ಅಗಲಕ್ಕೆ 1920 ಪಿಕ್ಸೆಲ್ ಇದ್ದರೆ ಎತ್ತರಕ್ಕೆ 1080 ಮಾತ್ರ. ರಿಬ್ಬನ್ ತಿನ್ನುವುದು ಕೊರತೆಯಿರುವ ಎತ್ತರವನ್ನು. ಪಕ್ಕದಲ್ಲಿ ನಿಲ್ಲುವ ಟೂಲ್‌ಬಾರ್ ತಿನ್ನುವುದು ಧಾರಾಳವಾಗಿರುವ ಅಗಲವನ್ನು. ನಕ್ಷೆ ಬರೆಯುವವರ ಮಟ್ಟಿಗೆ ಹಳೆಯ ಜೋಡಣೆಯೇ ಮೇಲು ಎಂಬುದು ನನ್ನ ತೀರ್ಪು. ಅದನ್ನು ಮರಳಿ ಪಡೆಯುವುದು ಕಷ್ಟವೇನಲ್ಲ. ಆಟೋಕ್ಯಾಡಿನಲ್ಲಿ ‘ಮೆನುಬಾರ್’ ಎಂದು ಟೈಪ್ ಮಾಡಿ 1 ಕೊಟ್ಟರೆ ಹಳೆಯ ಪದಪಟ್ಟಿ ಮೇಲೆ ಬರುತ್ತದೆ. ಅದರ ‘ಟೂಲ್ಸ್’ ಒಳಗಿನ ‘ಟೂಲ್‌ಬಾರ್ಸ್’ನಿಂದ ಬೇಕಾದ್ದನ್ನು ಹೊರಗೆ ಎಳೆದು ಅಂಚಿಗೆ ಅಂಟಿಸಬಹುದು. ‘ರಿಬ್ಬನ್‌ಕ್ಲೋಸ್’ ಎಂದರೆ ರಿಬ್ಬನ್ ಸರಿದುಹೋಗುತ್ತದೆ.

ಎಷ್ಟು ಐಕಾನ್ ಬೇಕು? 12 ಅಡಿಗೆ 10 ಅಡಿಯ ಒಂದು ಕೋಣೆ, 9 ಇಂಚಿನ ಗೋಡೆ, 3 ಅಡಿಯ ಬಾಗಿಲು ಬರೆದು ನೋಡಿ. ಮೊದಲು ಒಳಗಿನ ಆಯತ. ಅದನ್ನು 9 ಇಂಚು ಹೊರಕ್ಕೆ ಆಫ್‌ಸೆಟ್ ಮಾಡಿದರೆ, ಅಂದರೆ ಸಮಾನಾಂತರವಾಗಿ ಎಳೆದರೆ, ಗೋಡೆ. ಬಾಗಿಲ ಜಾಗದಲ್ಲಿ ಗೋಡೆಗೆ ಅಡ್ಡಲಾಗಿ ಒಂದು ಗೆರೆ, ಅದರ ಆಫ್‌ಸೆಟ್ 3 ಅಡಿ ಆಚೆಗೆ, ನಡುವಿನ ತುಂಡು ಟ್ರಿಮ್. ಬಾಗಿಲು ತೆರೆಯುವ ದಿಕ್ಕು ತೋರಿಸಲು ಒಂದು ಕಮಾನು ಗೆರೆ. ಮುಗಿಯಿತು. ಆಯತ, ಆಫ್‌ಸೆಟ್, ಗೆರೆ, ಟ್ರಿಮ್, ಕಮಾನು: ಐದೇ ಆಜ್ಞೆ. ಇನ್ನೊಂದು ಕೋಣೆಗೆ ನಕಲು, ಸರಿಸು, ಪ್ರತಿಬಿಂಬ ಸೇರಿಸಿ, ಜೊತೆಗೆ ಅಳತೆ, ಬರಹ, ಗೆರೆ ತುಂಬುವ ಹ್ಯಾಚ್. ಒಂದು ಸಾಧಾರಣ ಮನೆಯ ಪೂರ್ತಿ ಪ್ಲ್ಯಾನಿಗೆ ಹದಿನೈದು, ಇಪ್ಪತ್ತು ಐಕಾನ್ ದಾಟುವುದಿಲ್ಲ. ಮಿಕ್ಕವು ಕಣ್ಣಿಗೆ ಭಾರ. ‘ಸಿಯುಐ’ ಎಂಬ ಆಜ್ಞೆಯಿಂದ ನಿಮಗೆ ಬೇಕಾದಷ್ಟೇ ಐಕಾನ್‌ಗಳ ಸ್ವಂತ ಟೂಲ್‌ಬಾರ್ ಕಟ್ಟಿಕೊಳ್ಳಬಹುದು. ದುಡ್ಡಿಲ್ಲದೆ ಸಿಗುವ ಲಿಬ್ರೆಕ್ಯಾಡ್, ಫ್ರೀಕ್ಯಾಡ್‌ಗಳಲ್ಲೂ ಟೂಲ್‌ಬಾರ್‌ಗಳನ್ನು ಬೇಕಾದಲ್ಲಿ ಇಡುವ, ಬೇಡದ್ದನ್ನು ಮುಚ್ಚುವ ಅನುಕೂಲವಿದೆ.

ಐಕಾನ್ ಒತ್ತಿದ ಮೇಲಿನ ಮಾತನ್ನೂ ಇಲ್ಲಿಯೇ ಹೇಳಬೇಕು. ಹೊಸಬರು ತಪ್ಪುವುದು ಹೆಚ್ಚಾಗಿ ಅಲ್ಲೇ. ಐಕಾನ್ ಒತ್ತಿದರೆ ಕೆಲಸ ಆಗುವುದಿಲ್ಲ, ಕೆಲಸ ಶುರುವಾಗುತ್ತದೆ. ಯಂತ್ರ ಪರದೆಯ ತಳದಲ್ಲಿ ಒಂದು ಸಾಲು ಬರೆದು ಕಾಯುತ್ತಿರುತ್ತದೆ: ಮೊದಲ ಬಿಂದು ತೋರಿಸಿ, ಎಷ್ಟು ದೂರ ಹೇಳಿ, ಯಾವ ಕಡೆ ಹೇಳಿ. ಈ ಕಾಯುವ ಸ್ಥಿತಿಗೆ ಪರಿಭಾಷೆಯಲ್ಲಿ ಮೋಡ್ ಎನ್ನುತ್ತಾರೆ. ಕಟ್-ಕಾಪಿ-ಪೇಸ್ಟ್ ಅನ್ನು ನಮಗೆ ಕೊಟ್ಟವರಲ್ಲಿ ಒಬ್ಬರಾದ ಲ್ಯಾರಿ ಟೆಸ್ಲರ್ ಮೋಡ್‌ಗಳ ಕಡು ವಿರೋಧಿ. ‘ಮೋಡ್ ಬೇಡ’ ಎಂಬ ಅರ್ಥದ ಅಕ್ಷರಗಳನ್ನೇ ಕಾರಿನ ನಂಬರ್ ಪ್ಲೇಟಾಗಿ ಹಾಕಿಸಿಕೊಂಡಿದ್ದರು. ಬರವಣಿಗೆಯ ತಂತ್ರಾಂಶಕ್ಕೆ ಅವರ ಮಾತು ಸರಿ. ನಕ್ಷೆಯ ಕೆಲಸದಲ್ಲಿ ಮೋಡ್ ತಪ್ಪಿಸಲಾಗದು. ಮೂರು ಬಿಂದು ಕೇಳುವ ಕಮಾನನ್ನು ಒಂದೇ ಏಟಿಗೆ ಬರೆಯುವುದು ಸಾಧ್ಯವಿಲ್ಲ. ಅದಕ್ಕೆ ತಳದ ಸಾಲನ್ನು ಓದುವ ಅಭ್ಯಾಸವೇ ಮದ್ದು. ಗೊಂದಲವಾದರೆ ಎಸ್ಕೇಪ್ ಒತ್ತಿ ಮತ್ತೆ ಶುರುಮಾಡಿ. ‘ಕಂಪ್ಯೂಟರ್ ಹ್ಯಾಂಗ್ ಆಯ್ತು ಸಾರ್’ ಎಂದು ಕರೆದ ಎಷ್ಟೋ ಸಲ ಹೋಗಿ ನೋಡಿದರೆ ಅದು ಹುಡುಗನ ಉತ್ತರಕ್ಕಾಗಿ ತಾಳ್ಮೆಯಿಂದ ಕಾಯುತ್ತಿರುತ್ತಿತ್ತು.

ಹೊಸಬನ ನಿಧಾನದ ದಾರಿಯೂ ನುರಿತವನ ವೇಗದ ದಾರಿಯೂ ಬೇರೆ ಬೇರೆಯಾಗಿರುವುದೇ ಟೂಲ್‌ಬಾರಿನ ಕೊರತೆ. ಐಕಾನ್ ಒತ್ತಿ ಒತ್ತಿ ಕೈ ಕಲಿತದ್ದು ‘ಟಿ-ಆರ್’ ಒತ್ತಲು ಉಪಯೋಗಕ್ಕೆ ಬಾರದು. ಟೊರೊಂಟೊ ವಿಶ್ವವಿದ್ಯಾಲಯದ ಗಾರ್ಡನ್ ಕರ್ಟನ್‌ಬಾಕ್ ಮತ್ತು ಬಿಲ್ ಬಕ್ಸ್‌ಟನ್ 1990ರ ದಶಕದ ಆರಂಭದಲ್ಲಿ ಇದಕ್ಕೊಂದು ಸೊಗಸಾದ ಉತ್ತರ ಕಂಡುಕೊಂಡರು. ಗುಂಡಿ ಒತ್ತಿ ಹಿಡಿದರೆ ಬಾಣದ ಸುತ್ತ ದಿಕ್ಕಿಗೊಂದರಂತೆ ಆಜ್ಞೆಗಳು ಮೂಡುತ್ತವೆ, ಬೇಕಾದ ದಿಕ್ಕಿಗೆ ಎಳೆದು ಬಿಡಬೇಕು. ದಿಕ್ಕು ನೆನಪಾದ ಮೇಲೆ ಪಟ್ಟಿ ಮೂಡುವವರೆಗೆ ಕಾಯದೆ ಆ ಕಡೆಗೆ ಗೀರಿದರೆ ಆಯಿತು. ನಿಧಾನದ ಚಲನೆಯೇ ಬಳಸುತ್ತಾ ಬಳಸುತ್ತಾ ವೇಗದ ಚಲನೆಯಾಗುತ್ತದೆ. ಮಾಯಾ ತಂತ್ರಾಂಶದಲ್ಲಿ ಇದು ಬಹುಕಾಲದಿಂದ ಇದೆ, ಸಾಲಿಡ್‌ವರ್ಕ್ಸ್‌ನ ಮೌಸ್ ಗೆಶ್ಚರ್ ಕೂಡ ಇದೇ ಜಾತಿಯದು. ನಕ್ಷೆಯ ಎಲ್ಲ ತಂತ್ರಾಂಶಗಳಿಗೂ ಇದು ಬರಬೇಕು.

ಕೊನೆಗೆ ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಮಾತು. ಐಟಿಐ, ಡಿಪ್ಲೊಮಾಗಳಿಗೆ ಸೇರುವ ಎಷ್ಟೋ ಹುಡುಗ ಹುಡುಗಿಯರಿಗೆ ಫಿಲೆಟ್, ಚಾಂಫರ್, ಹ್ಯಾಚ್ ಎಂಬ ಪದಗಳು ಮೊದಲ ದಿನ ಕೇಳಿದ ಸದ್ದು ಮಾತ್ರ. ‘ಟಿ-ಆರ್’ ಎಂದರೆ ‘ಟ್ರಿಮ್’ನ ಮೊದಲೆರಡು ಅಕ್ಷರ ಎಂಬುದು ಆ ಪದ ಗೊತ್ತಿದ್ದವರಿಗಷ್ಟೇ ನೆನಪಿನ ಆಸರೆ. ಐಕಾನ್ ಅವರಿಗೆ ಮೊದಲ ಆಸರೆ. ದುಂಡಗಾದ ಮೂಲೆಯ ಚಿತ್ರಕ್ಕೆ ಯಾವ ಭಾಷೆಯ ಹಂಗೂ ಇಲ್ಲ. ಅದರ ಮೇಲೆ ಬಾಣವನ್ನು ಒಂದು ಗಳಿಗೆ ನಿಲ್ಲಿಸಿದರೆ ಹೆಸರು ಕಾಣುತ್ತದೆ, ಒತ್ತಿದರೆ ಅದೇ ಹೆಸರು ತಳದ ಸಾಲಿನಲ್ಲಿ ಮೂಡುತ್ತದೆ. ಚಿತ್ರದಿಂದ ಹೆಸರಿಗೆ, ಹೆಸರಿನಿಂದ ಅಕ್ಷರಕ್ಕೆ, ಅಕ್ಷರದಿಂದ ಎಡಗೈಗೆ ಹೋಗುವ ದಾರಿ ಅದು. ಮೊದಲ ದಿನವೇ ‘ಶಾರ್ಟ್‌ಕಟ್ ಬಾಯಿಪಾಠ ಮಾಡಿ’ ಎನ್ನುವ ಮೇಷ್ಟ್ರು ಈ ದಾರಿಯನ್ನೇ ಮುಚ್ಚಿಬಿಡುತ್ತಾರೆ.

ಆದ್ದರಿಂದ ಲ್ಯಾಬ್ ನೋಡಿಕೊಳ್ಳುವ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಲ್ಯಾಬಿನ ಒಂದೊಂದು ಕಂಪ್ಯೂಟರಿನಲ್ಲಿ ಟೂಲ್‌ಬಾರ್ ಒಂದೊಂದು ಕಡೆ ಇರುತ್ತದೆ, ಹಿಂದಿನ ಬ್ಯಾಚಿನವರು ಎಳೆದಾಡಿ ಹೋಗಿರುತ್ತಾರೆ. ಸೋಮವಾರ ಒಂದು ಯಂತ್ರ, ಗುರುವಾರ ಇನ್ನೊಂದು ಯಂತ್ರ ಸಿಗುವ ವಿದ್ಯಾರ್ಥಿಯ ಕೈ ಎಂದಿಗೂ ಜಾಗ ಕಲಿಯುವುದಿಲ್ಲ. ಟರ್ಮಿನ ಆರಂಭದಲ್ಲಿ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಬೇಕಾದ ಇಪ್ಪತ್ತು ಐಕಾನ್‌ಗಳ ಒಂದು ಟೂಲ್‌ಬಾರ್ ಕಟ್ಟಿ, ಎಡ ಅಂಚಿಗೆ ಅಂಟಿಸಿ, ಆ ಜೋಡಣೆಯನ್ನು ವರ್ಕ್‌ಸ್ಪೇಸ್ ಆಗಿ ಉಳಿಸಿ ಎಲ್ಲ ಯಂತ್ರಗಳಿಗೂ ಹಾಕಿ. ಆಮೇಲೆ ‘ಲಾಕ್‌ಯುಐ’ ಬಳಸಿ ಅದಕ್ಕೆ ಬೀಗ ಹಾಕಿ. ವರ್ಷ ಮುಗಿಯುವವರೆಗೆ ಆ ಬೀಗ ತೆಗೆಯಬೇಡಿ.